ಸೊನ್ನೆ ಅಂಕದ ಗಂಡ

ಹಂಚಿನ ಮೇಲಿನ ರೊಟ್ಟಿ ಇನ್ನೇನು ಉಬ್ಬಬೇಕು ಎನ್ನುವಾಗ ನೀಲಾಂಬಿಕೆಯ ಮಣಿಕಟ್ಟಿನ ಪಟ್ಟಿ ಗುಂಯ್‌ಗುಟ್ಟಿತು. ಹಿಟ್ಟು ಮೆತ್ತಿದ ಬೆರಳಿನಿಂದ ಒತ್ತಿ ನೋಡಿದರೆ ಎಂದಿನದೇ ಸಾಲು: ‘ಈ ಕೆಲಸ ನಿಮಗೆ ಅರ್ಥಪೂರ್ಣ ಅನ್ನಿಸುತ್ತಿಲ್ಲ. ದಯವಿಟ್ಟು ಒಂದು ನಿಮಿಷ ನಿಂತು ಯೋಚಿಸಿ.’ ಓದಿ ಮುಗಿಸುವಷ್ಟರಲ್ಲಿ ರೊಟ್ಟಿಗೆ ಕಪ್ಪು ಹತ್ತಿತು. ಅವಳು ಹಲ್ಲು ಕಚ್ಚಿ ರೊಟ್ಟಿಯನ್ನು ಎತ್ತಿ ಬದಿಗೆಸೆದಳು. ಸಿಟ್ಟು ಏರಿದ ಕೂಡಲೇ ಪಟ್ಟಿ ಹಸಿರಾಗಿ ‘ಅಭಿನಂದನೆಗಳು’ ಎಂದಿತು.

ಬೈಯಬೇಕೆಂದರೂ ಯಾರನ್ನು ಬೈಯುವುದು? ಆ ಸಾಲನ್ನು ಬರೆದವಳು ಅವಳೇ. ಧಾರವಾಡದ ಹೊರವಲಯದ ಸಾರ್ಥಕ ಕೇಂದ್ರದಲ್ಲಿ ಅವಳು ಹಿರಿಯ ಸಂಶೋಧಕಿ. ಆ ವಾಕ್ಯದಲ್ಲಿ ‘ದಯವಿಟ್ಟು’ ಬೇಕೋ ಬೇಡವೋ ಎಂದು ಒಂದು ಇಡೀ ಮಧ್ಯಾಹ್ನ ವಾದ ಮಾಡಿ ಸೇರಿಸಿದ್ದಳು.

ಪಟ್ಟಿಯ ಹಿಂದಿನ ವಿಚಾರ ದೊಡ್ಡದೇನಲ್ಲ. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಕಡಲೆ ಗಾತ್ರದ ಬಿಲ್ಲೆಯೊಂದು ಮಿದುಳಿನ ಸಣ್ಣ ವಿದ್ಯುತ್ ಮಿಡಿತಗಳನ್ನೂ ರಕ್ತದ ಓಟವನ್ನೂ ಸದಾ ಗಮನಿಸುತ್ತಿರುತ್ತದೆ. ಮಾಡುವ ಕೆಲಸದಲ್ಲಿ ಮನುಷ್ಯನಿಗೆ ಅರ್ಥ ಕಂಡರೆ ಆ ಮಿಡಿತಕ್ಕೆ ಒಂದು ರೂಪ, ಕಾಣದಿದ್ದರೆ ಇನ್ನೊಂದು ರೂಪ. ಅದನ್ನು ಸೊನ್ನೆಯಿಂದ ನೂರರವರೆಗಿನ ಅಂಕವಾಗಿ ಮಣಿಕಟ್ಟಿನ ಪಟ್ಟಿ ತೋರಿಸುತ್ತದೆ. ಅರ್ಥವಿಲ್ಲದ ದುಡಿಮೆಯಲ್ಲಿ ಯಾರೂ ಸವೆಯಬಾರದು, ಸಾರ್ಥಕವಾದ ಕೆಲಸ ಪ್ರತಿಯೊಬ್ಬರ ಹಕ್ಕು ಎಂಬ ಒಳ್ಳೆಯ ಮಾತಿನಿಂದಲೇ ಇದು ಶುರುವಾದದ್ದು. ಆಮೇಲೆ ಹಕ್ಕು ನಿಯಮವಾಯಿತು, ನಿಯಮ ಕಡ್ಡಾಯವಾಯಿತು. ಸತತವಾಗಿ ಇಪ್ಪತ್ತಕ್ಕಿಂತ ಕಡಿಮೆ ಅಂಕ ಬಂದವರನ್ನು ಅವರ ಕೆಲಸದಿಂದ ಬಿಡಿಸಿ, ಅವರು ಬೇಡವೆಂದರೂ ಕೇಳದೆ, ಹೆಚ್ಚು ಸಾರ್ಥಕವಾದ ಬೇರೆ ಕೆಲಸಕ್ಕೆ ಕಳಿಸಲಾಗುತ್ತಿತ್ತು.

ಜನ ಹೇಗೋ ಹೊಂದಿಕೊಂಡರು. ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಸುಮ್ಮಸುಮ್ಮನೆ ಜಗಳ ತೆಗೆದರೆ ಅಂಕ ಎಪ್ಪತ್ತು ದಾಟುತ್ತದೆ ಎಂದು ಯಾರೋ ಕಂಡುಹಿಡಿದರು. ಅಂದಿನಿಂದ ಬಸ್‌ಸ್ಟ್ಯಾಂಡು, ಬ್ಯಾಂಕು, ಸಂತೆ, ಎಲ್ಲಿ ನೋಡಿದರೂ ಕೂಗಾಟ. ಮೇಷ್ಟರುಗಳು ಪಾಠ ಬಿಟ್ಟು ಭಾಷಣ ಮಾಡತೊಡಗಿದರು. ಅಂಕ ಏರಿಸಿಕೊಡುವ ಟ್ಯೂಷನ್ ಕ್ಲಾಸುಗಳೂ ಎದ್ದವು. ಕೇಂದ್ರದ ನಿರ್ದೇಶಕರಾದ ಡಾಕ್ಟರ್ ವಾಮನ ಇನಾಮದಾರರು ಇದಕ್ಕೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು. ಜಗಳದಲ್ಲಿ ಮನುಷ್ಯ ತನ್ನ ಮೌಲ್ಯಗಳಿಗಾಗಿ ಹೋರಾಡುತ್ತಾನೆ, ಆದ್ದರಿಂದ ಅದು ಸಾರ್ಥಕ ಎಂದು ಪ್ರಬಂಧ ಬರೆದು ಬಹುಮಾನವನ್ನೂ ಪಡೆದಿದ್ದರು.

ಹೊಂದಿಕೊಳ್ಳದೆ ಉಳಿದವನು ನೀಲಾಂಬಿಕೆಯ ಗಂಡ ಚೆನ್ನವೀರ.

ಅವನು ಊರಿಗೆ ನೀರು ಬಿಡುವ ನಿಯಂತ್ರಣ ಕೊಠಡಿಯಲ್ಲಿ ಆಪರೇಟರ್. ಮಾತು ಕಡಿಮೆ, ಸಿಟ್ಟು ಇಲ್ಲವೇ ಇಲ್ಲ. ಅವನ ಪಟ್ಟಿಯಲ್ಲಿ ಸದಾ ಸೊನ್ನೆ. ಕೆಲಸದಲ್ಲಿ ಸೊನ್ನೆ, ಊಟದಲ್ಲಿ ಸೊನ್ನೆ, ಸ್ಕೂಟರ್ ಒರೆಸುವಾಗ ಸೊನ್ನೆ. ಪಟ್ಟಿ ಗುಂಯ್‌ಗುಟ್ಟಿದರೆ ಸೊಳ್ಳೆ ಓಡಿಸಿದ ಹಾಗೆ ಕೈ ಕೊಡವಿ ಸುಮ್ಮನಾಗುತ್ತಿದ್ದ.

ಅವತ್ತು ಅವನು ರೊಟ್ಟಿ ತಿನ್ನಲು ಕೂತಾಗ ಫೋನಿಗೆ ಆದೇಶ ಬಂತು. ಮುಂದಿನ ಸೋಮವಾರದಿಂದ ಅವನಿಗೆ ಬಾದಾಮಿಯಲ್ಲಿ ಕೆಲಸ. ಪ್ರವಾಸಿಗಳ ಬಸ್ಸು ಬಂದಾಗ ರುಮಾಲು ಸುತ್ತಿ, ಹಲಗೆ ಬಾರಿಸಿ ಸ್ವಾಗತಿಸುವುದು, ಆಮೇಲೆ ಅವರನ್ನು ನಗಿಸುವುದು. ಅಂಥ ಕೆಲಸದಲ್ಲಿ ಸರಾಸರಿ ಅಂಕ ಎಂಬತ್ತೊಂದಂತೆ. ಶುಕ್ರವಾರ ಕೊನೆಯ ಪರೀಕ್ಷೆ. ಕೆಲಸದ ಜಾಗದಲ್ಲಿ ಒಮ್ಮೆಯಾದರೂ ಅರವತ್ತು ದಾಟಿದರೆ ಆದೇಶ ರದ್ದು, ಇಲ್ಲವಾದರೆ ಬಾದಾಮಿ.

ಮಗಳು ಇಂಚರ ಹೈಸ್ಕೂಲಿನ ಹುಡುಗಿ. ಅಪ್ಪ ರುಮಾಲು ಸುತ್ತಿ ಹಲಗೆ ಬಾರಿಸುವುದನ್ನು ಕಲ್ಪಿಸಿಕೊಂಡು ಮೊದಲು ನಕ್ಕಳು, ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡಳು. ಚೆನ್ನವೀರ ಆದೇಶವನ್ನು ಎರಡು ಸಲ ಓದಿ ಫೋನು ಮಗುಚಿಟ್ಟ. ಹೋಗು ಅಂದರೆ ಹೋಗಬೇಕಲ್ಲ, ಅಂದ. ಅವನ ರೊಟ್ಟಿ ತುಂಡು ಮಾತ್ರ ಪಲ್ಯದ ಮೇಲೆ ಹಾಗೇ ಉಳಿಯಿತು.

ನೀಲಾಂಬಿಕೆಗೆ ರೇಗಿತು. ಇಪ್ಪತ್ತು ವರ್ಷ ಮಾಡಿದ ಕೆಲಸ ಕಸಿದುಕೊಂಡರೂ ಹೀಗೆ ಕೂರುವ ಗಂಡಸನ್ನು ಇಟ್ಟುಕೊಂಡು ಯಾವ ಯಂತ್ರ ತಾನೆ ಏನು ಮಾಡೀತು? ಕೇಂದ್ರದಲ್ಲಿ ಕೇಳಿ ಬರುತ್ತೇನೆ ಎಂದು ಡಬ್ಬಿ ಕಟ್ಟಿಕೊಂಡು ಹೊರಟಳು.

ಕೇಂದ್ರದಲ್ಲಿ ಇನಾಮದಾರರು ಅವಳ ಮಾತನ್ನು ಸಾವಧಾನವಾಗಿ ಕೇಳಿದರು. ಕೆಟ್ಟವರಲ್ಲ, ಅವಳ ಬಾಣಂತನದಲ್ಲಿ ಕೆಲಸ ಹೋಗದಂತೆ ನೋಡಿಕೊಂಡವರು. ಗೋಡೆಯ ಪರದೆಯ ಮೇಲೆ ಚೆನ್ನವೀರನ ಮೂರು ತಿಂಗಳ ಬದುಕನ್ನು ಹರಡಿ ತೋರಿಸಿದರು. ನೆಲಕ್ಕೆ ಅಂಟಿಕೊಂಡು ಓಡುವ ಗೆರೆ. ಅಲ್ಲೊಂದು ಇಲ್ಲೊಂದು ಏರು. ಬಸ್ಸು ಸ್ಕೂಟರಿಗೆ ತಾಕುವಂತೆ ಬಂದಾಗ ಎಪ್ಪತ್ತೆರಡು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅರವತ್ತೆಂಟು.

“ಹಲ್ಲು ಕೀಳಿಸಿಕೊಳ್ಳೋದರಾಗ ಸಾರ್ಥಕ ಕಂಡಾರೇನ್ರಿ ಸರ್?” ಎಂದಳು ನೀಲಾಂಬಿಕೆ.

“ಆರೋಗ್ಯದ ಬಗ್ಗೆ ಎಚ್ಚರ ಹುಟ್ಟೋದೂ ಸಾರ್ಥಕನೇ ಅಲ್ಲೇನು?” ಎಂದರು ಇನಾಮದಾರರು. ಎಲ್ಲದಕ್ಕೂ ಉತ್ತರವಿರುವ ಮನುಷ್ಯನ ಜೊತೆ ವಾದಿಸುವುದು ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದಂತೆ, ಬಿಡುವುದೇ ಲೇಸು.

ಅವರು ಗೆರೆಯನ್ನು ಮುಂದೆ ಓಡಿಸಿದರು. ನೀಲಾಂಬಿಕೆ ಬೇಡವೆನ್ನುವ ಮೊದಲೇ ಮನೆಯ ಹೊತ್ತೂ ಬಂತು. ಅವಳ ಪಕ್ಕ ಕೂತು ಉಂಡಾಗ ಸೊನ್ನೆ. ಸಂಜೆ ಬಾಗಿಲಲ್ಲಿ ಅವಳು ಬರುವುದನ್ನು ಕಾದು ನಿಂತಾಗ ಸೊನ್ನೆ. ಹಿಂದಿನ ತಿಂಗಳು ಇಂಚರಳಿಗೆ ಜ್ವರ ಬಂದು ಇಳಿದಿತ್ತಲ್ಲ, ಅವತ್ತು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದ ಅಷ್ಟೂ ಹೊತ್ತು ಸೊನ್ನೆ.

ಇನಾಮದಾರರು ಮೆಲ್ಲಗೆ ಪರದೆ ಆರಿಸಿದರು. ಕೆಲವರ ಸ್ವಭಾವವೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಅವಳು ತಲೆಯಾಡಿಸಿ ಎದ್ದು ಬಂದಳು. ಆದರೆ ಹಚ್ಚಿಕೊಂಡಾಗಿತ್ತು. ತನ್ನ ಅಡುಗೆಮನೆಯ ಸೊನ್ನೆಗಳ ಬಗ್ಗೆ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ, ಅಡುಗೆಮನೆಯ ಕೆಲಸ ಅವಳಿಗೆ ನಿಜವಾಗಿ ಬೇಸರ ಎಂದೇ ನಂಬಿದ್ದಳು. ಅದೇ ಸೊನ್ನೆ ತನ್ನ ಮಗ್ಗುಲಲ್ಲಿ ಕೂತವನಿಗೂ ಬಂದಿದೆ ಎಂದರೆ, ಮದುವೆಯಾಗಿ ಇಷ್ಟು ವರ್ಷ ಆ ಮನುಷ್ಯ ಸುಮ್ಮನೆ ದಿನ ದೂಡಿದನೇ?

ಸಂಜೆ ಮನೆಯಲ್ಲಿ ಅವಳು ನೇರವಾಗಿಯೇ ಕೇಳಿದಳು. ಚೆನ್ನವೀರ ಒಗೆದ ಬಟ್ಟೆ ಮಡಚುತ್ತಿದ್ದ.

“ನನ್ನ ಜೋಡಿ ಕೂತಾಗ ನಿಮಗ ಏನ ಅನಸತೈತಿ?”

ಅವನು ಮಗಳ ಲಂಗವನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಇಟ್ಟ. “ಏನ ಅನಸ್ಬೇಕ? ಕೂತಿರತೀನಿ.”

“ಅಷ್ಟೇನು?”

“ಮತ್ತೇನೈತಿ ನೀಲಾ. ನೀನೂ ಕೂತಿರತಿ.”

ಅವಳು ಮಡಚಿದ ಬಟ್ಟೆಯ ರಾಶಿಯನ್ನೇ ಎತ್ತಿ ಮಂಚದ ಮೇಲೆ ಒಗೆದಳು. ತಾನು ದುಡಿದು, ಅಟ್ಟು, ಈ ಮನೆ ನಡೆಸುವುದೆಲ್ಲ ಒಂದು ಕಲ್ಲಿನ ಕಂಬಕ್ಕಾಗಿಯೇ, ಕಂಬವಾದರೂ ಒರಗಲು ಬರುತ್ತದೆ ಎಂದು ಬಾಯಿಗೆ ಬಂದದ್ದೆಲ್ಲ ಆಡಿದಳು. ಅವಳ ಪಟ್ಟಿ ಎಂಬತ್ತೆರಡು ತೋರಿಸಿ, ಇಂದು ನಿಮ್ಮ ಅತ್ಯಂತ ಸಾರ್ಥಕ ದಿನ ಎಂದು ಸಣ್ಣ ಸಂಗೀತ ನುಡಿಸಿತು. ಚೆನ್ನವೀರ ಚೆದುರಿದ ಬಟ್ಟೆ ಎತ್ತಿಕೊಂಡು ಮತ್ತೆ ಮೊದಲಿನಿಂದ ಮಡಚತೊಡಗಿದ. ಅವನದು ಹತ್ತೊಂಬತ್ತಕ್ಕೆ ಏರಿ ನಿಂತಿತ್ತು.

ಅದನ್ನು ಇಂಚರ ಗಮನಿಸಿದಳು. ಪಪ್ಪನಿಗೆ ಬೈದರೆ ಅಂಕ ಏರುತ್ತದೆ, ಎಲ್ಲರೂ ಸೇರಿ ಬೈಯೋಣ, ಶುಕ್ರವಾರದ ಹೊತ್ತಿಗೆ ಅರವತ್ತು ಮಾಡೋಣ ಎಂದು ಉಪಾಯ ಹೇಳಿದಳು. ಮರುದಿನ ಬೆಳಿಗ್ಗೆ ಮನೆಯೆಲ್ಲ ಸೇರಿ ತಾಲೀಮು ನಡೆಸಿತು. ಚೆನ್ನವೀರನ ತಾಯಿ ಗುರುಸಿದ್ದವ್ವ ಕೂಡ ಸೊಂಟಕ್ಕೆ ಕೈಕೊಟ್ಟು ನಿಂತು, ಚಿಕ್ಕವನಿದ್ದಾಗ ಬೆಲ್ಲ ಕದ್ದದ್ದರಿಂದ ಹಿಡಿದು ನಿನ್ನೆ ಬಾಗಿಲು ಹಾಕದೆ ಹೋದದ್ದರವರೆಗೆ ಎಲ್ಲ ತೆಗೆದು ಬೈದಳು. ಬೈಯುತ್ತಾ ಬೈಯುತ್ತಾ ಅವಳಿಗೇ ಉಸಿರು ಹತ್ತಿತು. ಮಗ ಎದ್ದು ತಾಯಿಗೆ ನೀರು ತಂದುಕೊಟ್ಟು, ಕುಡಿದು ಮುಂದುವರಿಸು ಎಂದ. ಇಂಚರ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಪಟ್ಟಿ ಸೊನ್ನೆಗೆ ಬಂದು ಕೂತಿತು. ನೀಲಾಂಬಿಕೆಗೆ ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅವತ್ತು ಅವಳು ರಜೆ ಹಾಕಿ ಗಂಡನ ನಿಯಂತ್ರಣ ಕೊಠಡಿಗೆ ಹೋದಳು. ಅಲ್ಲಿ ಅವನು ಏನು ಮಾಡುತ್ತಾನೆ ಎಂಬುದನ್ನು ಇಷ್ಟು ವರ್ಷ ಅವಳು ನೋಡಿರಲೇ ಇಲ್ಲ. ಒಂದು ಕುರ್ಚಿ, ಗೋಡೆಯ ತುಂಬ ಊರಿನ ಕೊಳವೆಗಳ ದೀಪದ ನಕ್ಷೆ, ಕಿಟಕಿಯಾಚೆ ಪಂಪಿನ ಮೊರೆತ. ವಾಲ್ವುಗಳು ಗುಂಡಿ ಒತ್ತಿದರೆ ತೆರೆಯುತ್ತವೆ, ಗುಂಡಿ ಒತ್ತಿದರೆ ಮುಚ್ಚುತ್ತವೆ. ಅವನು ಓಣಿಯ ಹಿಂದೆ ಓಣಿಗೆ ನೀರು ಬಿಡುತ್ತ ಹೋದ. ಪ್ರತಿ ಓಣಿಗೆ ಎಷ್ಟು ಹೊತ್ತು ಎಂದು ಯಂತ್ರವೇ ಹೇಳುತ್ತಿತ್ತು.

ಕೊನೆಗೆ ಗುಡ್ಡದ ಓಣಿಯ ಸರದಿ ಬಂತು. ಯಂತ್ರ ಹೇಳಿದ ಹೊತ್ತು ಮುಗಿದು ದೀಪ ಮಿನುಗಿತು. ಅವನು ವಾಲ್ವು ಮುಚ್ಚಲಿಲ್ಲ. ಚಹಾದ ಲೋಟ ಹಿಡಿದು ಸುಮ್ಮನೆ ಕೂತ. ಯಾಕೆಂದು ಅವಳು ಕೇಳಿದಾಗ, ಮೇಜಿನ ಮೇಲಿದ್ದ ಫೋನಿನ ಕಡೆ ಕಣ್ಣು ತೋರಿಸಿದ. ತುಸು ಹೊತ್ತಿಗೆ ಫೋನು ಒಮ್ಮೆ ಬಡಿದು ನಿಂತಿತು. ಅವನು ಗುಂಡಿ ಒತ್ತಿ ವಾಲ್ವು ಮುಚ್ಚಿ, ಚಹಾ ಮುಗಿಸಿದ.

ಆ ಓಣಿಯ ತುತ್ತತುದಿಯ ಮನೆ ಹುಸೇನಬಿ ಎಂಬ ಮುದುಕಿಯದು. ಒಂಟಿ ಜೀವ. ಏರಿನಲ್ಲಿ ನೀರು ನಿಧಾನ, ಒಮ್ಮೊಮ್ಮೆ ತಡ. ತನ್ನ ನಲ್ಲಿಗೆ ಬಂದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಅವಳಿಗೆ ಬಂದರೆ ಎಲ್ಲರಿಗೂ ಬಂದಂತೆ. ಆಮೇಲೆ ಇವನು ಮುಚ್ಚುತ್ತಾನೆ. ಬಹಳ ವರ್ಷದಿಂದ ಹೀಗೇ ನಡೆದಿತ್ತಂತೆ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಫೋನು ಬಡಿದ ಗಳಿಗೆಯಲ್ಲಿ ನೀಲಾಂಬಿಕೆ ಗಂಡನ ಮುಖ ನೋಡಿದಳು. ಕೂಸು ನಿದ್ದೆಹೋದ ಮೇಲೆ ತೊಟ್ಟಿಲ ಹಗ್ಗ ಬಿಡುವ ತಾಯಿಯ ಮುಖ ಹೇಗಿರುತ್ತದೋ ಹಾಗಿತ್ತು. ಆಮೇಲೆ ಪಟ್ಟಿ ನೋಡಿದಳು. ಸೊನ್ನೆ. ಮುಖ ಒಂದು ಹೇಳುತ್ತಿತ್ತು, ತಾನೇ ಕೂತು ಲೆಕ್ಕ ಹಾಕಿ ಮಾಡಿದ ಯಂತ್ರ ಇನ್ನೊಂದು ಹೇಳುತ್ತಿತ್ತು. ಎರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದೆ ಅವಳು ಮನೆಗೆ ಬಂದಳು.

ಮನೆಯಲ್ಲಿ ಗುರುಸಿದ್ದವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಸೋದರಳಿಯನ ಹೊಲದಿಂದ ಬಂದ ಕಾಳು, ಕಲ್ಲುಹರಳು ಜಾಸ್ತಿ. ನೀಲಾಂಬಿಕೆಗೆ ಈ ಕೆಲಸವೆಂದರೆ ಮೊದಲಿನಿಂದಲೂ ತಲೆಬೇನೆ. ಅದೇ ಕಾರಣಕ್ಕೆ ಕೇಂದ್ರದ ಮೂಲ ಪ್ರಯೋಗದಲ್ಲಿ ಈ ಕೆಲಸ ಸೇರಿತ್ತು. ಅಂಕಕ್ಕೆ ಒಂದು ತಳ ಬೇಕಿತ್ತು, ಲೋಕದಲ್ಲಿ ಎಲ್ಲಕ್ಕಿಂತ ಅರ್ಥವಿಲ್ಲದ ಕೆಲಸ ಯಾವುದು ಎಂದು ಇನಾಮದಾರರು ಸಭೆಯಲ್ಲಿ ಕೇಳಿದ್ದರು. ಅವತ್ತು ಬೆಳಿಗ್ಗೆ ಮನೆಯಲ್ಲಿ ಒಂದು ಮೊರ ಕಾಳು ಆರಿಸಿ, ಬಸ್ಸು ತಪ್ಪಿಸಿಕೊಂಡು, ಬೆವರು ಸುರಿಸಿಕೊಂಡು ಬಂದಿದ್ದ ನೀಲಾಂಬಿಕೆ, ಹರಳು ಆರಿಸೋದು, ಆರಿಸಿದ್ದನ್ನ ಮತ್ತೆ ಕಲಸಿ ಇನ್ನೊಮ್ಮೆ ಆರಿಸೋದು ಎಂದಿದ್ದಳು. ಎಲ್ಲರೂ ನಕ್ಕು ಒಪ್ಪಿದ್ದರು. ಕೇಂದ್ರದ ಹಿಂದಿನ ಓಣಿಯ ಹೆಂಗಸರನ್ನು ಕರೆಸಿ ಕೂರಿಸಿದರು. ತಲೆಯೆಣಿಕೆ ಸಾಲದೆ ಬಂದಾಗ ಸಿಬ್ಬಂದಿ ತಮ್ಮ ತಮ್ಮ ಮನೆಯವರನ್ನೂ ಕರೆತಂದರು. ಹಾಗೆ ಗುರುಸಿದ್ದವ್ವನೂ ಬಿಲ್ಲೆ ಅಂಟಿಸಿಕೊಂಡು ಕೂತಿದ್ದಳು. ಆರಿಸಿದ ಕಾಳನ್ನು ಪಕ್ಕದ ಕೋಣೆಗೆ ಒಯ್ದು, ಹರಳು ಬೆರೆಸಿ, ಹೊಸದೆಂಬಂತೆ ಮರಳಿ ತಂದಿಡುತ್ತಿದ್ದರು. ಆ ಹೆಂಗಸರ ಮಿದುಳು ತೋರಿಸಿದ ಮಿಡಿತವೇ ಸೊನ್ನೆ ಎಂದು ನಿಗದಿಯಾಯಿತು. ಚಪ್ಪಾಳೆಯ ನಡುವೆ ಪದಕ ಪಡೆಯುತ್ತಿದ್ದವರದು ನೂರು. ನಾಡಿನ ಎಲ್ಲ ಪಟ್ಟಿಗಳೂ ಈ ಎರಡು ಗೂಟಗಳಿಗೆ ಕಟ್ಟಿದ ಹಗ್ಗ.

ಮನಸ್ಸು ಎಲ್ಲೋ ಇದ್ದ ನೀಲಾಂಬಿಕೆ ಅತ್ತೆಯ ಎದುರು ಕೂತು ತಾನೂ ಒಂದು ಹಿಡಿ ಕಾಳು ಎಳೆದುಕೊಂಡಳು. ಸುಮ್ಮನೆ ಬೆರಳಾಡಿಸುತ್ತ ಇದ್ದರು ಇಬ್ಬರೂ. ಇಂಚರಳಿಗೆ ಹೊಸದಾಗಿ ಹಲ್ಲಿಗೆ ತಂತಿ ಕಟ್ಟಿಸಿದ್ದರು, ಒಂದು ಹರಳು ಉಳಿದರೂ ಕಷ್ಟ ಎಂದು ಅತ್ತೆ ಹೇಳಿದಳು. ಹೌದಲ್ಲ ಎಂದು ನೀಲಾಂಬಿಕೆ ಕಾಳನ್ನು ಬೆಳಕಿಗೆ ಸರಿಸಿಕೊಂಡಳು. ಪಟ್ಟಿ ಗುಂಯ್‌ಗುಟ್ಟಿತು.

ಅತ್ತೆ ಹಾಗೇ ಮಾತು ಮುಂದುವರಿಸಿದಳು. “ನಿಮ್ಮ ಕೇಂದ್ರದ ಕಾಳಿಗಿಂತ ಇದು ಛಲೋ ಬಿಡು. ಎಷ್ಟ ಹರಳಿದ್ದುವು ಅದರಾಗ! ಆ ಸಣ್ಣ ಕೂಸುಗೋಳು ಅಂಥಾದ್ದು ಹೆಂಗ ತಿನಬೇಕು ಅಂತ ಹೊಟ್ಟ್ಯಾಗ ಸಂಕಟ ಆಗತಿತ್ತು. ಕಣ್ಣ ಸೋತರೂ ಬಿಡದ ಆರಿಸಿದಿವಿ.”

ನೀಲಾಂಬಿಕೆಯ ಬೆರಳು ನಿಂತಿತು. “ಯಾವ ಕೂಸುಗೋಳು ಅತ್ತಿ?”

“ಅದ ಮಗ್ಗಲ ಅಂಗನವಾಡಿ ಕೂಸುಗೋಳು. ಕಿಡಕ್ಯಾಗಿಂದ ಅಳೂದು, ಹಾಡೂದು ಎಲ್ಲಾ ಕೇಳತಿತ್ತಲ್ಲ. ಆ ಓಣಿ ಹೆಣ್ಣಮಕ್ಕಳದ್ದ ಮಕ್ಕಳು ಅಲ್ಲೇ ಇದ್ದುವು.”

“ಅವರಿಗೆ ಅಂತ ಯಾರ ಹೇಳಿದ್ರು ನಿಮಗ?”

“ಯಾರ ಹೇಳಬೇಕ? ಕಾಳ ಹಸನ ಮಾಡಸ್ತಾರಂದ್ರ ಯಾರಿಗರೆ ಉಣ್ಣಾಕನ ಇರಬೇಕಲ್ಲ. ಮತ್ತ್ಯಾಕ ಮಾಡಸ್ತಾರ?”

ನೀಲಾಂಬಿಕೆ ತಡವರಿಸುತ್ತ ನಿಜ ಹೇಳಿದಳು. ಯಾರಿಗೂ ಅಲ್ಲ. ಆರಿಸಿದ ಮೇಲೆ ಮತ್ತೆ ಹರಳು ಬೆರೆಸುತ್ತಿದ್ದೆವು, ಅದನ್ನೇ ಮತ್ತೆ ಕೊಡುತ್ತಿದ್ದೆವು.

ಗುರುಸಿದ್ದವ್ವ ಸೊಸೆಯ ಮುಖವನ್ನೇ ನೋಡಿದಳು. ಓದಿದವಳು, ಒಳ್ಳೆಯವಳು, ಮೈಯಲ್ಲಿ ಹುಷಾರಿಲ್ಲವೇನೋ ಎಂಬಂತೆ ನೋಡಿದಳು. “ಬೇಕಂತ ಹಾಕತಿದ್ದಿರಿ? ಉಣ್ಣೂ ಕಾಳಿನ್ಯಾಗ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಮೊರವನ್ನು ತನ್ನ ಕಡೆಗೆ ಸರಿಸಿಕೊಂಡಳು.

ನೀಲಾಂಬಿಕೆ ತನ್ನ ಮಣಿಕಟ್ಟು ನೋಡಿದಳು. ಮಗಳ ಹಲ್ಲಿನ ತಂತಿ ನೆನೆಯುತ್ತ ಹರಳು ಹುಡುಕಿದ ಅಷ್ಟೂ ಹೊತ್ತಿಗೆ ಸೊನ್ನೆ. ಅಂದರೆ ಈ ಯಂತ್ರ ಸೊನ್ನೆ ಎನ್ನುತ್ತಿದ್ದುದು ಅರ್ಥವಿಲ್ಲದ್ದಕ್ಕಲ್ಲ. ಯಾರದೋ ಹೊಟ್ಟೆಗೆ, ಯಾರದೋ ನಲ್ಲಿಗೆ ಎಂದುಕೊಂಡು, ತನ್ನನ್ನು ತಾನು ಮರೆತು ಕೂತ ಮನಸ್ಸಿಗೆ. ಅಂಥವರನ್ನೇ ಹುಡುಕಿ ಹುಡುಕಿ ಎಬ್ಬಿಸಿ, ನಿಮಗೆ ಅರ್ಥ ಕಾಣುತ್ತಿಲ್ಲ ಎಂದು ‘ದಯವಿಟ್ಟು’ ಸೇರಿಸಿ ಹೇಳುತ್ತಿತ್ತು. ಅಂಕ ಏರುತ್ತಿದ್ದುದು ಸಿಟ್ಟಿಗೋ ಹೆದರಿಕೆಗೋ ಮನಸ್ಸು ಕದಡಿದಾಗ ಮಾತ್ರ.

ಮರುದಿನ ಅವಳು ಅತ್ತೆಯನ್ನೂ ಒಂದು ಸೇರು ತೊಗರಿಯನ್ನೂ ಇನಾಮದಾರರ ಕೋಣೆಗೇ ಕರೆದೊಯ್ದಳು. ಅವರು ಮಾತು ಕೇಳಿ ನಕ್ಕರು. ಊಹೆ ಬೇಡ, ಪ್ರಯೋಗ ಮಾಡೋಣ ಎಂದಳು ಅವಳು. ಗುರುಸಿದ್ದವ್ವನ ಕಿವಿಯ ಹಿಂದೆ ಬಿಲ್ಲೆ ಅಂಟಿಸಿ, ಕೈಗೆ ಪಟ್ಟಿ ಕಟ್ಟಿದರು. ಮೊದಲ ಸುತ್ತು ಕಾಳು ಆರಿಸಿದಾಗ ಪರದೆಯ ಮೇಲೆ ಸೊನ್ನೆ. ಆಮೇಲೆ ನೀಲಾಂಬಿಕೆ ಆರಿಸಿಟ್ಟ ಹರಳನ್ನು ಬೊಗಸೆಯಲ್ಲಿ ತೆಗೆದುಕೊಂಡು ಅತ್ತೆಯ ಕಣ್ಣೆದುರೇ ಮೊರಕ್ಕೆ ಸುರಿದು ಕಲಸಿದಳು. ಮತ್ತೆ ಆರಿಸಿರಿ ಎಂದಳು. ಅತ್ತೆ ಸೊಸೆಯ ಮುಖಕ್ಕಾಗಿ ಆರಿಸಿದಳು, ಬೆರಳು ಮಾತ್ರ ಸಿಡಿಮಿಡಿಯಿಂದ ಓಡುತ್ತಿತ್ತು. ಮೂವತ್ತೆಂಟು. ನೀಲಾಂಬಿಕೆ ಇನ್ನೊಮ್ಮೆ ಸುರಿದಳು. ಅತ್ತೆ ಮೊರವನ್ನು ನೂಕಿ ಎದ್ದು ನಿಂತಳು.

“ಸಾಕ ಮಾಡ ಯವ್ವಾ. ನಾನೇನ ಹುಚ್ಚಿ ಅಂತ ತಿಳದಿ? ಮನ್ಯಾಗ ನನಗ ಕೆಲಸ ಐತಿ.”

ಎಪ್ಪತ್ತೆಂಟು. ಅವಳ ಕೈಯ ಪಟ್ಟಿ ಹಸಿರಾಗಿ ಬೆಳಗಿ, ಅಭಿನಂದನೆಗಳು, ನೀವು ಸಾರ್ಥಕವಾದ ಕೆಲಸದಲ್ಲಿ ತೊಡಗಿದ್ದೀರಿ ಎಂದು ಸಂಗೀತ ನುಡಿಸಿತು. ಗುರುಸಿದ್ದವ್ವ ಅದನ್ನು ಬಿಚ್ಚಿ ಇನಾಮದಾರರ ಮೇಜಿನ ಮೇಲೆ ಪೇಪರ್‌ವೇಟಿನ ಪಕ್ಕ ಇಟ್ಟಳು.

ಇನಾಮದಾರರು ಸಂಗೀತ ನಿಲ್ಲುವವರೆಗೆ ಕಾದರು. ಎಲ್ಲದಕ್ಕೂ ಉತ್ತರವಿದ್ದ ಮನುಷ್ಯ ಈಗ ಕನ್ನಡಕ ತೆಗೆದು ಒರೆಸತೊಡಗಿದರು. ಕೊನೆಗೆ, ತಾವು ಬರೆದು ಕಳಿಸುವುದಾಗಿ ಹೇಳಿದರು. ಆದರೆ ಸಮಿತಿ ಕೂಡುವುದು ದಸರಾ ಮುಗಿದ ಮೇಲೆ. ಅಷ್ಟರೊಳಗೆ ಆದೇಶಗಳು ತಮ್ಮಷ್ಟಕ್ಕೆ ಹೊರಡುತ್ತಲೇ ಇರುತ್ತವೆ, ತಡೆಯುವ ಗುಂಡಿ ಅವರ ಬಳಿಯೂ ಇಲ್ಲ. “ನಾಳೆ ಪರೀಕ್ಷಾಕ್ಕ ನಾನೇ ಬರ್ತೀನಿ. ಆದ್ರ ಅರವತ್ತು ದಾಟಲೇಬೇಕು ನೀಲಾಂಬಿಕಾ. ನನ್ನ ಕೈಯಾಗ ಏನೂ ಇಲ್ಲ,” ಎಂದರು.

ಗಂಡನನ್ನು ಕೆರಳಿಸುವುದು ಬೈಗುಳದಿಂದ ಆಗದು ಎಂದು ಗೊತ್ತಾಗಿತ್ತು. ಇನ್ನು ಯಾವುದರಿಂದ ಆದೀತು ಎಂಬುದೂ ಈಗ ಅವಳಿಗೆ ಗೊತ್ತಿತ್ತು. ಸಂಜೆ ಗುಡ್ಡದ ಓಣಿ ಹತ್ತಿ ಹುಸೇನಬಿಯ ಮನೆ ಹುಡುಕಿದಳು. ಬಾಗಿದ ಬೆನ್ನಿನ ಮುದುಕಿ, ಅಂಗಳದಲ್ಲಿ ತೊಳೆದು ಮಗುಚಿಟ್ಟ ಕೊಡಗಳು. ನೀರಿನ ಸಾಹೇಬರ ಹೆಂಡತಿ ಎಂದು ತಿಳಿದ ಮೇಲೆ ಕೈ ಹಿಡಿದು ಒಳಗೆ ಕರೆದು ಕೂರಿಸಿದಳು. ನೀಲಾಂಬಿಕೆ ತನ್ನ ಬೇಡಿಕೆ ಹೇಳಿದಳು: ನಾಳೆ ನೀರು ಬಂದರೂ ಫೋನು ಮಾಡಬೇಡಿ, ಅವರು ಮಾಡಿದರೆ ಎತ್ತಬೇಡಿ, ನಾನು ಹೇಳುವವರೆಗೆ. ಮುದುಕಿ ಸುಲಭಕ್ಕೆ ಒಪ್ಪಲಿಲ್ಲ. ಸಾಹೇಬರು ಗಾಬರಿಯಾಗುತ್ತಾರೆ, ಅವರಿಗೆ ಸುಳ್ಳು ಹೇಳಿದ ಹಾಗಾಗುತ್ತದೆ ಎಂದಳು. ಗಾಬರಿಯಾಗದಿದ್ದರೆ ಸೋಮವಾರದಿಂದ ನಿಮ್ಮ ಫೋನಿಗೆ ಕಾಯುವವರು ಯಾರೂ ಇರುವುದಿಲ್ಲ ಎಂದ ಮೇಲೆ ಹೂಂ ಎಂದಳು.

ಶುಕ್ರವಾರ ನಿಯಂತ್ರಣ ಕೊಠಡಿಯಲ್ಲಿ ಇನ್ನೆರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಇನಾಮದಾರರು, ತೊಡೆಯ ಮೇಲೆ ಚೆನ್ನವೀರನ ಅಂಕ ತೋರಿಸುವ ಫಲಕ. ಇನ್ನೊಂದರಲ್ಲಿ ನೀಲಾಂಬಿಕೆ. ಚೆನ್ನವೀರ ಇಬ್ಬರಿಗೂ ಚಹಾ ತರಿಸಿಕೊಟ್ಟು, ಕೊನೆಯ ದಿನ ಎಂಬಂತೆ ನಕ್ಷೆಯ ಮೇಲಿನ ಧೂಳು ಒರೆಸಿ, ತನ್ನ ಪಾಡಿಗೆ ಓಣಿಗಳಿಗೆ ನೀರು ಬಿಡುತ್ತ ಹೋದ. ಸೊನ್ನೆ, ಸೊನ್ನೆ, ಸೊನ್ನೆ.

ಗುಡ್ಡದ ಓಣಿಯ ವಾಲ್ವು ತೆರೆದ. ಯಂತ್ರದ ಹೊತ್ತು ಮುಗಿದು ದೀಪ ಮಿನುಗಿತು. ಚಹಾ ಹಿಡಿದು ಕೂತ. ಲೋಟ ಅರ್ಧವಾಯಿತು, ಫೋನು ಬಡಿಯಲಿಲ್ಲ. ಲೋಟ ಕೆಳಗಿಟ್ಟ. ಫೋನು ಎತ್ತಿ ಚಾರ್ಜ್ ಇದೆಯೇ ನೋಡಿದ, ಇತ್ತು. ನಕ್ಷೆಯ ಹತ್ತಿರ ಹೋಗಿ ಒತ್ತಡದ ಅಂಕಿ ನೋಡಿದ, ಸರಿಯಾಗಿತ್ತು. ಫಲಕದಲ್ಲಿ ಹದಿನಾಲ್ಕು, ಇಪ್ಪತ್ತೇಳು.

ಅವನು ತಾನೇ ಫೋನು ಹಚ್ಚಿದ. ಬಡಿದು ಬಡಿದು ನಿಂತಿತು. ಇನ್ನೊಮ್ಮೆ ಹಚ್ಚಿದ. ನಲವತ್ತು. ಲೈನ್‌ಮನ್ನನಿಗೆ ಫೋನು ಮಾಡಿ, ಕೊಳವೆ ಎಲ್ಲಾದರೂ ಒಡೆದಿದೆಯೇ ನೋಡು ಎಂದ. ಒಡೆದಿಲ್ಲ, ನೀರು ಮೇಲೆ ಹೋಗಿದೆ ಎಂಬ ಉತ್ತರ ಬಂತು.

“ನೀರ ಹೋಗೇತಿ, ಅಜ್ಜಿ ಫೋನ ಇಲ್ಲ,” ಎಂದ, ಯಾರಿಗೂ ಅಲ್ಲ, ತನಗೇ. “ನಲ್ಲಿ ಹತ್ತರ ಬಿದ್ದಾಳೇನೋ. ಒಬ್ಬಾಕಿನ ಇರತಾಳ.”

ಅರವತ್ತಮೂರು. ಎಪ್ಪತ್ತೊಂಬತ್ತು. ತೊಂಬತ್ತು. ಅವನ ಕೈಯ ಪಟ್ಟಿ ಹಸಿರಾಗಿ ಸಂಗೀತ ಶುರುಮಾಡಿತು. ಅವನಿಗೆ ಅದು ಕೇಳಿಸಲೇ ಇಲ್ಲ. ಸ್ಕೂಟರಿನ ಕೀಲಿಗಾಗಿ ಜೇಬೆಲ್ಲ ತಡಕಿದ, ಕೀಲಿ ಮೇಜಿನ ಮೇಲೆ ಕಣ್ಣೆದುರೇ ಇತ್ತು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ, ಇನ್ನೊಂದು ಸಿಗಲಿಲ್ಲ. ಇನಾಮದಾರರು ಫಲಕದ ಮೇಲೆ ಬೆರಳೊತ್ತಿ, ಆದೇಶ ರದ್ದು ಎಂದು ದಾಖಲಿಸಿ, ನೀಲಾಂಬಿಕೆಯ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದರು.

ಅವಳಿಗೆ ನೋಡಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಫೋನಿನಲ್ಲಿ, “ಅಜ್ಜಿ, ಸಾಕು,” ಎಂದು ಪಿಸುಗುಟ್ಟಿದಳು.

ಮೇಜಿನ ಮೇಲಿನ ಫೋನು ಒಮ್ಮೆ ಬಡಿದು ನಿಂತಿತು.

ಚೆನ್ನವೀರ ಒಂದೇ ಚಪ್ಪಲಿಯಲ್ಲಿ ಬಾಗಿಲ ಬಳಿ ನಿಂತುಬಿಟ್ಟ. ಹಿಂತಿರುಗಿ ಬಂದು ಫೋನಿನ ಮೇಲಿನ ಹೆಸರು ಓದಿದ. ಗುಂಡಿ ಒತ್ತಿ ವಾಲ್ವು ಮುಚ್ಚಿದ. ಕುರ್ಚಿಯಲ್ಲಿ ಕೂತು ಆರಿದ ಚಹಾ ಎತ್ತಿಕೊಂಡ. ಫಲಕದ ಅಂಕಿ ಎಪ್ಪತ್ತಾಗಿ, ಮೂವತ್ತಾಗಿ, ಹತ್ತಾಗಿ ಇಳಿಯುತ್ತ ಹೋಯಿತು. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟುವವರೆಗೆ ಹಗ್ಗ ಹಿಡಿದು ಕಾಯುವಂತೆ ನೀಲಾಂಬಿಕೆ ನೋಡುತ್ತಿದ್ದಳು. ಸೊನ್ನೆ.

ಸಂಜೆ ಅವನ ಸ್ಕೂಟರಿನ ಹಿಂದೆ ಕೂತು ಮನೆಗೆ ಬರುವಾಗ ಅವಳು ಮಾಡಿದ್ದನ್ನೆಲ್ಲ ಹೇಳಿದಳು. ಅವನು ಸ್ಕೂಟರನ್ನು ಎರಡು ತಿರುವು ದಾಟಿಸಿದ. ಮತ್ತೆ ಅದೇ ಕಲ್ಲಿನ ಕಂಬ ಎಂದುಕೊಳ್ಳುವಷ್ಟರಲ್ಲಿ ಬಾಯಿ ಬಿಟ್ಟ.

“ಇನ್ನೊಮ್ಮೆ ಹಿಂಗ ಬಂದ್ರ ನನಗ ನಾಕ ಬೈದುಬಿಡು. ಆ ಮುದುಕಿ ಬಾಯಿ ಕಟ್ಟಿಸಬ್ಯಾಡ.”

“ಬೈದ್ರ ನಿಮಗ ಎಲ್ಲಿ ಹತ್ತತೈತ್ರಿ?” ಎಂದು ಅವಳು ರೇಗಿದಳು. ರೇಗುತ್ತಲೇ ಒಂದು ಕೈಯನ್ನು ಅವನ ಹೊಟ್ಟೆಯ ಸುತ್ತ ಹಾಕಿ ಹಿಡಿದುಕೊಂಡಳು. ಹ್ಯಾಂಡಲ್ ಹಿಡಿದ ಅವನ ಮಣಿಕಟ್ಟು ಅಲ್ಲಿಂದ ಕಾಣುತ್ತಿತ್ತು. ಸೊನ್ನೆ. ಅವಳು ಮತ್ತೆ ಮತ್ತೆ ಅದನ್ನೇ ನೋಡಿದಳು.

ತುಸು ದೂರ ಹೋಗುವುದರೊಳಗೆ ಅವಳ ಪಟ್ಟಿ ಅವನ ಹೊಟ್ಟೆಗೆ ಒತ್ತಿಕೊಂಡು ಗುಂಯ್‌ಗುಟ್ಟಿತು.

“ಏನಂತ ಅದು?” ಎಂದು ಕೇಳಿದ.

“ಒಂದ ನಿಮಿಷ ನಿಂತು ಯೋಚನೆ ಮಾಡು ಅಂತೈತಿ.”

“ನಿಲ್ಲಸಲೇನು?”

“ಬ್ಯಾಡ, ನಡೀರಿ,” ಎಂದಳು ನೀಲಾಂಬಿಕೆ. “ಅತ್ತಿ ಬ್ಯಾಳಿ ಕುದಿಯಾಕ ಇಟ್ಟಿರತಾರ.”